ಇಂಗ್ಲಿಷ್ ವ್ಯಾಕರಣದ ಪ್ರಶ್ನೆಗೆ ಕನ್ನಡದ ಅಳತೆಗೋಲು: ಕರ್ತೃ–ಕ್ರಿಯಾಪದ ಹೊಂದಾಣಿಕೆ ಮತ್ತು ಹೋಲಿಕೆಯ ವಾಕ್ಯಗಳು

"ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಸೋಲ್ಡ್ ಇನ್ ದೀಸ್ ಮಾರ್ಕೆಟ್ಸ್ ಆರ್ ಗುಡ್." ಈ ವಾಕ್ಯವನ್ನು ಹಲಗೆಯ ಮೇಲೆ ಬರೆದು ತಪ್ಪು ಎಲ್ಲಿದೆ ಎಂದು ಕೇಳಿದಾಗ, ಕನ್ನಡ ಮಾಧ್ಯಮದಲ್ಲಿ ಓದಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುತ್ತಿರುವ ಅಭ್ಯರ್ಥಿಗಳಲ್ಲಿ ಬಹುತೇಕರು ಒಂದು ಕ್ಷಣ ಯೋಚಿಸಿ, "ತಪ್ಪೇನೂ ಇಲ್ಲ ಸರ್" ಎನ್ನುವುದನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಅದರ ಕೆಳಗೇ "ಈ ಮಾರುಕಟ್ಟೆಗಳಲ್ಲಿ ಮಾರುವ ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿವೆ" ಎಂದು ಬರೆದರೆ, ಅದೇ ತರಗತಿ ಒಂದೇ ದನಿಯಲ್ಲಿ "ಚೆನ್ನಾಗಿದೆ" ಎಂದು ತಿದ್ದುತ್ತದೆ. ಎರಡೂ ವಾಕ್ಯಗಳಲ್ಲಿರುವುದು ಒಂದೇ ತಪ್ಪು. ಕನ್ನಡದಲ್ಲಿ ಅದು ತಕ್ಷಣ ಕಾಣುತ್ತದೆ, ಇಂಗ್ಲಿಷಿನಲ್ಲಿ ಕಾಣುವುದಿಲ್ಲ. ಹಾಗಾದರೆ ಅಭ್ಯರ್ಥಿಗೆ ಕೊರತೆಯಾಗಿರುವುದು ವ್ಯಾಕರಣದ ಅರಿವಲ್ಲ. ತನ್ನಲ್ಲಿ ಈಗಾಗಲೇ ಇರುವ ಅರಿವನ್ನು ಇಂಗ್ಲಿಷ್ ವಾಕ್ಯದ ಮೇಲೆ ಪ್ರಯೋಗಿಸುವ ಅಭ್ಯಾಸ. ಆ ಅಭ್ಯಾಸವನ್ನು ಹೇಗೆ ಮಾಡಿಕೊಳ್ಳಬೇಕು, ಹಾಗೂ ಕನ್ನಡದ ಅಳತೆಗೋಲು ಯಾವ ಯಾವ ಕಡೆ ಮೋಸ ಮಾಡುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಉದಾಹರಣೆಯ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒಮ್ಮೆ ಗಟ್ಟಿಯಾಗಿ ಓದಿ, ನಂತರ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ಕಾಗುಣಿತದ ಅಭ್ಯಾಸವೂ ಆದಂತಾಗುತ್ತದೆ.

ಕರ್ತೃ–ಕ್ರಿಯಾಪದ ಹೊಂದಾಣಿಕೆ ಮತ್ತು ಹೋಲಿಕೆ ಎಂಬ ಈ ಎರಡು ವಿಷಯಗಳಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರದ ಪದವೀಧರ ಮಟ್ಟದ ಹುದ್ದೆಗಳ) ಪರೀಕ್ಷೆಯ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ತಲಾ 2 ಅಂಕ, ಪ್ರತಿ ತಪ್ಪಿಗೆ ಅರ್ಧ ಅಂಕ ಕಡಿತ. ಎರಡನೆಯ ಹಂತದಲ್ಲಿ ಇಂಗ್ಲಿಷಿನ 45 ಪ್ರಶ್ನೆಗಳು. ತಲಾ 3 ಅಂಕ, ಪ್ರತಿ ತಪ್ಪಿಗೆ 1 ಅಂಕ ಕಡಿತ. ಐಬಿಪಿಎಸ್ ಪಿಒ (ಬ್ಯಾಂಕ್ ಅಧಿಕಾರಿ ಹುದ್ದೆಯ) ಪೂರ್ವಭಾವಿ ಪರೀಕ್ಷೆಯಲ್ಲಿ 30 ಇಂಗ್ಲಿಷ್ ಪ್ರಶ್ನೆಗಳಿಗೆ 20 ನಿಮಿಷ. ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದಾದರೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಉಳಿದಿದೆ, ಆದ್ದರಿಂದ ಅಲ್ಲಿಂದ ತಪ್ಪಿಸಿಕೊಳ್ಳುವಂತಿಲ್ಲ. ವಾಕ್ಯವನ್ನು ನಾಲ್ಕು ತುಂಡು ಮಾಡಿ ದೋಷವಿರುವ ತುಂಡನ್ನು ಗುರುತಿಸಲು ಹೇಳುವ ಪ್ರಶ್ನೆ, ಗೆರೆ ಎಳೆದ ಭಾಗವನ್ನು ಸರಿಪಡಿಸುವ ಪ್ರಶ್ನೆ, ಇವುಗಳಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರು ಮತ್ತೆ ಮತ್ತೆ ಆರಿಸಿಕೊಳ್ಳುವುದು ಹೊಂದಾಣಿಕೆಯನ್ನು ಮತ್ತು ಹೋಲಿಕೆಯನ್ನು. ಕಾರಣವೂ ಸರಳ: ಇವುಗಳಲ್ಲಿ ಸರಿ ಮತ್ತು ತಪ್ಪುಗಳ ನಡುವೆ ಗೆರೆ ಸ್ಪಷ್ಟವಾಗಿರುತ್ತದೆ, ಉತ್ತರದ ಬಗ್ಗೆ ಆಕ್ಷೇಪಣೆ ಬರುವುದು ಕಡಿಮೆ.

ಮೊದಲ ಹೆಜ್ಜೆ: ಕ್ರಿಯಾಪದವನ್ನು ಹುಡುಕಿ, ಅದು ವಚನವನ್ನು ತೋರಿಸುತ್ತದೆಯೇ ಎಂದು ನೋಡಿ

ಕನ್ನಡದ ಕ್ರಿಯಾಪದ ಶ್ರೀಮಂತವಾದದ್ದು. ಬಂದೆನು, ಬಂದೆವು, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು ಎಂಬ ಇಷ್ಟೂ ರೂಪಗಳಿಗೆ ಇಂಗ್ಲಿಷ್ ಕೊಡುವುದು "ಕೇಮ್" ಎಂಬ ಒಂದೇ ಒಂದು ಪದ. ಲಿಂಗ, ವಚನ, ಪುರುಷ ಮೂರನ್ನೂ ಉಸಿರಾಡಿದಷ್ಟೇ ಸಹಜವಾಗಿ ಹೊಂದಿಸುವ ನಾವು, ಇಂಗ್ಲಿಷಿನಲ್ಲಿ ಕಾಯಬೇಕಾದದ್ದು ಕೆಲವೇ ಬಾಗಿಲುಗಳನ್ನು: ಈಸ್ ಮತ್ತು ಆರ್, ವಾಸ್ ಮತ್ತು ವರ್, ಹ್ಯಾಸ್ ಮತ್ತು ಹ್ಯಾವ್, ಡಸ್ ಮತ್ತು ಡು, ಇವುಗಳ ಜೊತೆಗೆ, ವರ್ತಮಾನ ಕಾಲದ ಪ್ರಥಮ ಪುರುಷ (ಅವನು, ಅವಳು, ಅದು) ಏಕವಚನದಲ್ಲಿ ಕ್ರಿಯಾಪದದ ಕೊನೆಗೆ ಸೇರುವ "ಎಸ್" ಅಕ್ಷರ. ಉಳಿದ ಕಡೆ ಹೊಂದಾಣಿಕೆಯ ತಪ್ಪು ಆಗಲು ಸಾಧ್ಯವೇ ಇಲ್ಲ. ಗೆರೆ ಎಳೆದ ಪದ "ಕುಡ್", "ಮಸ್ಟ್", "ವಿಲ್" ಅಥವಾ ಸಾಮಾನ್ಯ ಭೂತಕಾಲದ "ವೆಂಟ್" ಆಗಿದ್ದರೆ, ಆ ತುಂಡಿನಲ್ಲಿ ಹೊಂದಾಣಿಕೆಯನ್ನು ಹುಡುಕುತ್ತ ಕುಳಿತುಕೊಳ್ಳಬೇಡಿ. ದೋಷವಿದ್ದರೆ ಅದು ಬೇರೆ ಜಾತಿಯದು. ಇದೊಂದನ್ನು ತಿಳಿದುಕೊಂಡರೆ ಪ್ರತಿ ಪ್ರಶ್ನೆಗೂ ಕೆಲವು ಸೆಕೆಂಡುಗಳು ಉಳಿಯುತ್ತವೆ.

ಎರಡನೆಯ ಹೆಜ್ಜೆ: ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ಕೊನೆಯಲ್ಲಿ ನಿಲ್ಲುವ ನಾಮಪದವನ್ನು ಹಿಡಿಯಿರಿ

ಈ ಲೇಖನದ ತಿರುಳು ಇಲ್ಲಿದೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು ಬರುತ್ತದೆ, ಅದರ ವಿವರಣೆಗಳು ಹಿಂದೆ ಬಾಲದಂತೆ ಸಾಲುಗಟ್ಟುತ್ತವೆ. ಹಾಗಾಗಿ ಕರ್ತೃ ಮತ್ತು ಕ್ರಿಯಾಪದಗಳ ನಡುವೆ ಬೇರೆ ಬೇರೆ ನಾಮಪದಗಳು ನುಸುಳುತ್ತವೆ. ಕನ್ನಡದಲ್ಲಿ ಕ್ರಮ ತಿರುವುಮುರುವು. ವಿವರಣೆಗಳೆಲ್ಲ ಮೊದಲು, ಮುಖ್ಯ ನಾಮಪದ ಕೊನೆಗೆ, ಅದರ ಬೆನ್ನಿಗೇ ಕ್ರಿಯಾಪದ. ಮಾವಿನಹಣ್ಣಿನ ವಾಕ್ಯದಲ್ಲಿ "ಆರ್" ಎಂಬುದರ ಪಕ್ಕದಲ್ಲಿ "ಮಾರ್ಕೆಟ್ಸ್" ನಿಂತಿತ್ತು. ಕನ್ನಡದ ಕಿವಿಗೆ ಕ್ರಿಯಾಪದದ ಪಕ್ಕದಲ್ಲಿರುವುದೇ ಕರ್ತೃ ಎಂಬ ರೂಢಿ ಇರುವುದರಿಂದ, ಅದು "ಮಾರ್ಕೆಟ್ಸ್ ಆರ್" ಎಂಬ ಜೋಡಿಯನ್ನು ಕೇಳಿ ತೃಪ್ತಿಪಟ್ಟಿತು. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿದ ಕೂಡಲೇ ಮಾರುಕಟ್ಟೆ ಮುಂದೆ ಹೋಗಿ, ಗುಣಮಟ್ಟ ಕ್ರಿಯಾಪದದ ಪಕ್ಕಕ್ಕೆ ಬಂದು ನಿಂತಿತು. ಕಿವಿಯನ್ನೇ ನಂಬುವುದಾದರೆ, ತಿರುಗಿಸಿದ ಮೇಲೆ ನಂಬಿ.

ಇಡೀ ವಾಕ್ಯವನ್ನು ಅಂದವಾಗಿ ಅನುವಾದ ಮಾಡುವ ಅಗತ್ಯವಿಲ್ಲ. ಕ್ರಿಯಾಪದಕ್ಕೆ ಮೊದಲು ಬರುವ ಭಾಗವನ್ನು ಮಾತ್ರ ಮನಸ್ಸಿನಲ್ಲಿ ತಿರುಗಿಸಿದರೆ ಸಾಕು. "ದಿ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್" ಎಂದರೆ ಆಯ್ಕೆಯಾದ ಅಭ್ಯರ್ಥಿಗಳ ಪಟ್ಟಿ. ಕೊನೆಯ ಪದ ಪಟ್ಟಿ, ಆದ್ದರಿಂದ "ಹ್ಯಾಸ್ ಬೀನ್ ಪಬ್ಲಿಷ್ಡ್". "ದಿ ನಂಬರ್ ಆಫ್ ಸ್ಟೂಡೆಂಟ್ಸ್" ಎಂದರೆ ವಿದ್ಯಾರ್ಥಿಗಳ ಸಂಖ್ಯೆ. ಕೊನೆಯ ಪದ ಸಂಖ್ಯೆ, ಆದ್ದರಿಂದ "ಈಸ್". "ಎ ನಂಬರ್ ಆಫ್ ಸ್ಟೂಡೆಂಟ್ಸ್" ಎಂದರೆ ಹಲವಾರು ವಿದ್ಯಾರ್ಥಿಗಳು. ಕೊನೆಯ ಪದ ವಿದ್ಯಾರ್ಥಿಗಳು, ಆದ್ದರಿಂದ "ಆರ್". ಈ ಜೋಡಿಯನ್ನು ಗೈಡುಗಳು ಒಂದು ವಿಚಿತ್ರ ನಿಯಮವೆಂಬಂತೆ ಚೌಕಟ್ಟಿನೊಳಗೆ ಹಾಕಿ ಬಾಯಿಪಾಠ ಮಾಡಿಸುತ್ತವೆ. ಕನ್ನಡದಲ್ಲಿ ಹೇಳಿಕೊಂಡರೆ ಅದರಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಹಾಗೆಯೇ "ಮೋಸ್ಟ್ ಆಫ್ ದಿ ವಾಟರ್" ಎಂದರೆ ಹೆಚ್ಚಿನ ನೀರು, "ಮೋಸ್ಟ್ ಆಫ್ ದಿ ಬಾಯ್ಸ್" ಎಂದರೆ ಹೆಚ್ಚಿನ ಹುಡುಗರು. ಮೊದಲನೆಯದು ಏಕವಚನ, ಎರಡನೆಯದು ಬಹುವಚನ. ಹಾಫ್, ಸಮ್, ಆಲ್ ಮುಂತಾದ ಪದಗಳಿಗೂ ಇದೇ ದಾರಿ.

"ಜೊತೆಗೆ" ಎಂಬ ಅರ್ಥದ ಪದಗಳಲ್ಲೂ ಕನ್ನಡ ನಂಬಿಕೆಗೆ ಅರ್ಹ. "ಹುಡುಗಿ ತನ್ನ ಗೆಳೆಯರ ಜೊತೆ ಬಂದಳು" ಎನ್ನುತ್ತೇವೆಯೇ ಹೊರತು "ಬಂದರು" ಎನ್ನುವುದಿಲ್ಲ. "ಹುಡುಗಿಯೂ ಗೆಳೆಯರೂ ಬಂದರು" ಎಂದಾಗ ಮಾತ್ರ ಬಹುವಚನ. ಅಲಾಂಗ್ ವಿತ್, ಟುಗೆದರ್ ವಿತ್, ಆಸ್ ವೆಲ್ ಆಸ್, ಇನ್ ಅಡಿಷನ್ ಟು ಇವೆಲ್ಲ "ಜೊತೆ" ಬಳಗಕ್ಕೆ ಸೇರಿದವು, "ಅಂಡ್" ಮಾತ್ರ "ಊ... ಊ" ಬಳಗದ್ದು. "ದಿ ಗರ್ಲ್, ಅಲಾಂಗ್ ವಿತ್ ಹರ್ ಫ್ರೆಂಡ್ಸ್, ವಾಸ್" ಎಂಬುದೇ ಸರಿ. "ಅಂಡ್" ಬಂದರೂ ಎರಡು ವಸ್ತುಗಳು ಕೂಡಿ ಒಂದಾಗಿದ್ದರೆ ಏಕವಚನ: "ಬ್ರೆಡ್ ಅಂಡ್ ಬಟರ್ ಈಸ್". ನಾವೂ "ಅನ್ನ ಸಾರು ಆಗಿದೆ, ಬನ್ನಿ" ಎಂದೇ ಊಟಕ್ಕೆ ಕರೆಯುತ್ತೇವೆ.

ಈ ಉಪಾಯದ ನಿಜವಾದ ಶಕ್ತಿ ಕಾಣಿಸುವುದು "ಒನ್ ಆಫ್" ಇರುವ ವಾಕ್ಯಗಳಲ್ಲಿ. ಮೂರು ವಾಕ್ಯಗಳನ್ನು ಸಾಲಾಗಿ ನೋಡೋಣ. "ಒನ್ ಆಫ್ ದಿ ಬಾಯ್ಸ್ ಹ್ಯಾಸ್ ಪಾಸ್ಡ್": ಹುಡುಗರಲ್ಲಿ ಒಬ್ಬ ಪಾಸಾಗಿದ್ದಾನೆ. ಇಲ್ಲಿ ಗೊಂದಲವಿಲ್ಲ. "ಹಿ ಈಸ್ ಒನ್ ಆಫ್ ದಿ ಬಾಯ್ಸ್ ಹೂ ಹ್ಯಾವ್ ಪಾಸ್ಡ್": ಪಾಸಾದ ಹುಡುಗರಲ್ಲಿ ಅವನೂ ಒಬ್ಬ. ಇಲ್ಲಿ "ಪಾಸಾದ" ಎಂಬ ಕೃದಂತ (ಕ್ರಿಯೆಯಿಂದ ಹುಟ್ಟಿ ನಾಮಪದವನ್ನು ವಿವರಿಸುವ ಪದ) ಅಂಟಿಕೊಂಡಿರುವುದು "ಹುಡುಗರು" ಎಂಬ ಬಹುವಚನಕ್ಕೆ, ಆದ್ದರಿಂದ "ಹ್ಯಾವ್". "ಹಿ ಈಸ್ ದಿ ಓನ್ಲಿ ಒನ್ ಆಫ್ ದಿ ಬಾಯ್ಸ್ ಹೂ ಹ್ಯಾಸ್ ಪಾಸ್ಡ್": ಆ ಹುಡುಗರಲ್ಲಿ ಪಾಸಾದವನು ಅವನೊಬ್ಬನೇ. ಈಗ ಕೃದಂತ ಹುಡುಗರನ್ನು ಬಿಟ್ಟು "ಅವನು" ಎಂಬುದನ್ನು ಸೇರಿತು, ಆದ್ದರಿಂದ "ಹ್ಯಾಸ್". ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಎಡವುವ ಈ ಜಾಗದಲ್ಲಿ, ಕನ್ನಡ ಬಲ್ಲವನಿಗೆ ನಿಯಮವೇ ಬೇಕಾಗಿಲ್ಲ. "ಪಾಸಾದ" ಎಂಬುದರ ಮುಂದೆ ಯಾರು ಬಂದು ನಿಲ್ಲುತ್ತಾರೆ ಎಂದು ಕೇಳಿಕೊಂಡರೆ ಆಯಿತು.

ಮೂರನೆಯ ಹೆಜ್ಜೆ: ಕನ್ನಡ ದಾರಿ ತಪ್ಪಿಸುವ ಜಾಗಗಳನ್ನು ಗುರುತು ಹಾಕಿಕೊಳ್ಳಿ

ಯಾವ ಅಳತೆಗೋಲೂ ಎಲ್ಲ ಕಡೆ ನೇರವಾಗಿರುವುದಿಲ್ಲ. ಕನ್ನಡದ ಅಳತೆಗೋಲು ಡೊಂಕಾಗುವ ಮುಖ್ಯ ಜಾಗಗಳನ್ನು ಹೇಳುತ್ತೇನೆ. ಇವುಗಳನ್ನು ಮಾತ್ರ ನಿಯಮಗಳನ್ನಾಗಿಯೇ ಕಲಿಯಬೇಕು.

ಗೌರವದ ಬಹುವಚನ ಮೊದಲನೆಯದು. "ಅಪ್ಪ ಬಂದರು", "ಹೆಡ್‌ಮಾಸ್ಟರು ಹೇಳಿದ್ದಾರೆ", "ಮುಖ್ಯಮಂತ್ರಿಗಳು ಉದ್ಘಾಟಿಸಿದರು" ಎನ್ನುವ ನಮಗೆ, ದೊಡ್ಡವರಿಗೆ ಏಕವಚನ ಹಚ್ಚಲು ನಾಲಿಗೆ ಹಿಂಜರಿಯುತ್ತದೆ. ರಜಾ ಅರ್ಜಿಯಲ್ಲಿ "ಮೈ ಫಾದರ್ ಹ್ಯಾವ್ ಗಾನ್" ಎಂದು ಬರೆದ ಹುಡುಗನಿಗೆ ತಪ್ಪನ್ನು ತೋರಿಸಿದಾಗ, ಅವನು "ಅಪ್ಪನಿಗೆ ಹ್ಯಾಸ್ ಹೇಗೆ ಹಾಕೋದು ಸರ್?" ಎಂದು ಕೇಳಿದ್ದು ನನಗಿನ್ನೂ ನೆನಪಿದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಹಿರಿಕಿರಿತನ ಗೊತ್ತಿಲ್ಲ. ಪ್ರಧಾನಿಯಾದರೂ ಪೋರನಾದರೂ "ಹ್ಯಾಸ್".

ಎರಡನೆಯದು, ವಚನವನ್ನು ತೋರಿಸದ ಕನ್ನಡ ಕ್ರಿಯಾಪದಗಳು. ಇಲ್ಲ, ಬೇಕು, ಬಹುದು, ಸಾಕು ಇವು ಯಾರ ಜೊತೆಗೂ ಬದಲಾಗುವುದಿಲ್ಲ. "ಅವನು ಬರಲಿಲ್ಲ, ಅವರು ಬರಲಿಲ್ಲ, ಮಳೆ ಬರಲಿಲ್ಲ" ಎಲ್ಲಕ್ಕೂ ಒಂದೇ ರೂಪ. ಆದ್ದರಿಂದಲೇ "ನೈದರ್... ನಾರ್" ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿದರೆ ಪ್ರಯೋಜನವಿಲ್ಲ: "ಮೇಷ್ಟ್ರೂ ಇರಲಿಲ್ಲ, ಹುಡುಗರೂ ಇರಲಿಲ್ಲ" ಎಂಬುದರಿಂದ ಉತ್ತರ ಹೊರಡುವುದಿಲ್ಲ. ಇಲ್ಲಿ ನಿಯಮ ಬೇಕು, ಅದು ಸಾಮೀಪ್ಯದ ನಿಯಮ. ನೈದರ್–ನಾರ್, ಐದರ್–ಆರ್, ನಾಟ್ ಓನ್ಲಿ–ಬಟ್ ಆಲ್ಸೋ ಇರುವಾಗ ಕ್ರಿಯಾಪದಕ್ಕೆ ಹತ್ತಿರವಿರುವ ಕರ್ತೃವಿನ ವಚನವೇ ನಡೆಯುತ್ತದೆ. "ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್", ಆದರೆ "ನೈದರ್ ದಿ ಸ್ಟೂಡೆಂಟ್ಸ್ ನಾರ್ ದಿ ಟೀಚರ್ ವಾಸ್ ಪ್ರೆಸೆಂಟ್". ಪಕ್ಕದ ಪದವನ್ನು ನಂಬಬೇಡಿ ಎಂದು ಇಷ್ಟು ಹೊತ್ತು ಹೇಳಿದವನು ಈಗ ಪಕ್ಕದ ಪದವನ್ನೇ ನಂಬಿ ಎನ್ನುತ್ತಿದ್ದೇನೆ. ಅದಕ್ಕೇ ಈ ಮೂರು ಜೋಡಿಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಜೋಡಿಯಿಲ್ಲದೆ "ನೈದರ್ ಆಫ್ ದಿ ಬಾಯ್ಸ್" ಎಂದು ಬಂದರೆ ಪರೀಕ್ಷೆಗಳಲ್ಲಿ ಏಕವಚನವನ್ನೇ ಆರಿಸಿ.

ಮೂರನೆಯದು ಎಣಿಕೆಗೆ ಸಿಗದ ಪದಗಳು. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು, ದೃಶ್ಯಗಳು ಎಂದು ಧಾರಾಳವಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಸೀನರಿ, ಲಗೇಜ್, ಎಕ್ವಿಪ್‌ಮೆಂಟ್ ಇವುಗಳಿಗೆ ಬಹುವಚನವೇ ಇಲ್ಲ. ಕೊನೆಗೆ "ಎಸ್" ಕಂಡರೆ ಅದೇ ದೋಷ, "ಆರ್" ಕಂಡರೂ ಅದೇ ದೋಷ. ಇದಕ್ಕೆ ಎದುರಾಗಿ ನಮ್ಮ ಒಂದು ಕತ್ತರಿ, ಒಂದು ಪ್ಯಾಂಟು ಅವರಿಗೆ ಸಿಸರ್ಸ್, ಟ್ರೌಸರ್ಸ್ ಎಂಬ ಬಹುವಚನ. ನ್ಯೂಸ್, ಮ್ಯಾಥಮ್ಯಾಟಿಕ್ಸ್ ನೋಡಲು ಬಹುವಚನ, ನಡತೆಯಲ್ಲಿ ಏಕವಚನ. ಪೊಲೀಸ್ ಮತ್ತು ಕ್ಯಾಟಲ್ ನೋಡಲು ಏಕವಚನ, ನಡತೆಯಲ್ಲಿ ಬಹುವಚನ. "ಪೊಲೀಸರು ಬಂದರು", "ದನಗಳು ಮೇಯುತ್ತಿವೆ" ಎಂದುಕೊಂಡರೆ ನೆನಪಿರುತ್ತದೆ.

ನಾಲ್ಕನೆಯದು ಕ್ರಿಯಾಪದ ಮುಂದೆ, ಕರ್ತೃ ಹಿಂದೆ ಬರುವ ವಾಕ್ಯ. "ಇನ್ ದಿ ಕಾರ್ನರ್ ಆಫ್ ದಿ ರೂಮ್ ಸ್ಟ್ಯಾಂಡ್ಸ್ ಟು ಓಲ್ಡ್ ಚೇರ್ಸ್" ಎಂಬಲ್ಲಿ ನಿಂತಿರುವುದು ಕುರ್ಚಿಗಳು, ಆದ್ದರಿಂದ "ಸ್ಟ್ಯಾಂಡ್". ಕನ್ನಡಕ್ಕೆ ತಿರುಗಿಸುವಾಗ "ಕೋಣೆಯ ಮೂಲೆಯಲ್ಲಿ ಎರಡು ಹಳೆಯ ಕುರ್ಚಿಗಳಿವೆ" ಎಂದು ಬರಹದ ಕನ್ನಡದಲ್ಲೇ ಹೇಳಿಕೊಳ್ಳಿ. ಮನೆಮಾತಿನಲ್ಲಿ "ಎರಡು ಕುರ್ಚಿ ಇದೆ" ಎನ್ನುವುದು ನಮ್ಮ ವಾಡಿಕೆಯಾದ್ದರಿಂದ, ಆಡುಮಾತಿಗೆ ತಿರುಗಿಸಿದರೆ ಏಕವಚನ ನುಸುಳಿಬಿಡುತ್ತದೆ. ಆ ಆಡುಮಾತು ಒಂದು ಕಡೆ ಮಾತ್ರ ಸಹಾಯಕ್ಕೆ ಬರುತ್ತದೆ: ಹಣ, ದೂರ, ಅವಧಿಗಳನ್ನು ಇಡಿಯಾಗಿ ಹೇಳುವಾಗ. "ಹತ್ತು ಸಾವಿರ ರೂಪಾಯಿ ದೊಡ್ಡ ಮೊತ್ತವೇ" ಎನ್ನುವಂತೆಯೇ "ಟೆನ್ ಥೌಸಂಡ್ ರುಪೀಸ್ ಈಸ್ ಎ ಲಾರ್ಜ್ ಸಮ್".

ಇನ್ನೆರಡು ಒರಟು ಅಪವಾದಗಳು: "ಮೆನಿ ಎ ಸ್ಟೂಡೆಂಟ್ ಹ್ಯಾಸ್" ಮತ್ತು "ಮೋರ್ ದ್ಯಾನ್ ಒನ್ ಸ್ಟೂಡೆಂಟ್ ಹ್ಯಾಸ್". ಅರ್ಥದಲ್ಲಿ ಎರಡೂ ಬಹುವಚನ, ವ್ಯಾಕರಣದಲ್ಲಿ ಎರಡೂ ಏಕವಚನ. ಇವುಗಳಿಗೆ ತರ್ಕ ಹುಡುಕುತ್ತ ಕುಳಿತುಕೊಳ್ಳುವುದಕ್ಕಿಂತ ಬಾಯಿಪಾಠ ಮಾಡುವುದೇ ವಾಸಿ.

ನಾಲ್ಕನೆಯ ಹೆಜ್ಜೆ: ಹೋಲಿಕೆ ಕಂಡರೆ, ಯಾವುದನ್ನು ಯಾವುದರ ಜೊತೆ ತೂಗಲಾಗಿದೆ ಎಂದು ಕೇಳಿ

ಹೋಲಿಕೆಯ ವಾಕ್ಯಗಳಲ್ಲಿ ಕನ್ನಡದ ಒಂದು ಸಣ್ಣ ಪ್ರತ್ಯಯ ಎಲ್ಲ ಭಾರವನ್ನೂ ಹೊರುತ್ತದೆ: "-ಇಂತ". ನನಗಿಂತ, ಅದಕ್ಕಿಂತ, ಎಲ್ಲರಿಗಿಂತ. ವಿಶೇಷಣ ಬದಲಾಗುವುದೇ ಇಲ್ಲ. "ಅವನು ಎತ್ತರ", "ಅವನು ನನಗಿಂತ ಎತ್ತರ", "ಅವನು ಎಲ್ಲರಿಗಿಂತ ಎತ್ತರ". ಇಂಗ್ಲಿಷಿನಲ್ಲಿ ವಿಶೇಷಣವೇ ಟಾಲ್, ಟಾಲರ್, ಟಾಲೆಸ್ಟ್ ಎಂದು ರೂಪ ಬದಲಿಸುವುದರಿಂದ, "ಹೆಚ್ಚು" ಎಂಬ ಪದವನ್ನು ಮನಸ್ಸಿನಲ್ಲಿಟ್ಟುಕೊಂಡವರು "ಮೋರ್ ಟಾಲರ್", "ಮೋರ್ ಬೆಟರ್" ಎಂದು ಎರಡೆರಡು ಬಾರಿ ಏರಿಸಿಬಿಡುತ್ತಾರೆ. "ಕಂಪ್ಯಾರೆಟಿವ್ಲಿ ಬೆಟರ್" ಎಂಬುದೂ ಇದೇ ತಪ್ಪಿನ ಇನ್ನೊಂದು ವೇಷ. ಇದು ಸುಲಭವಾಗಿ ಕಣ್ಣಿಗೆ ಬೀಳುವ ದೋಷ, ಹಾಗಾಗಿ ಇದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ.

ಕಣ್ಣಿಗೆ ಬೀಳದ ದೋಷ ಬೇರೆಯದು. "ದಿ ಕ್ಲೈಮೇಟ್ ಆಫ್ ಮೈಸೂರು ಈಸ್ ಬೆಟರ್ ದ್ಯಾನ್ ಚೆನ್ನೈ" ಎಂಬುದರಲ್ಲಿ ಹವೆಯನ್ನು ಊರಿನ ಜೊತೆ ತೂಗಲಾಗಿದೆ. ಕನ್ನಡದಲ್ಲೂ ನಾವು "ಮೈಸೂರಿನ ಹವೆ ಚೆನ್ನೈಗಿಂತ ಚೆನ್ನ" ಎಂದು ಸಡಿಲವಾಗಿ ಹೇಳುತ್ತೇವೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಪರೀಕ್ಷೆ ಆ ಸಡಿಲತೆಯನ್ನು ಒಪ್ಪುವುದಿಲ್ಲ. ಆದ್ದರಿಂದ ಕನ್ನಡದ ವಾಕ್ಯವನ್ನೂ ಒಂದು ಸುತ್ತು ಬಿಗಿ ಮಾಡಿಕೊಳ್ಳಬೇಕು: "ಮೈಸೂರಿನ ಹವೆ ಚೆನ್ನೈಯದಕ್ಕಿಂತ ಚೆನ್ನ." ನಡುವೆ ಇಣುಕಿದ ಆ "ಅದು" ಎಂಬುದೇ ಇಂಗ್ಲಿಷಿನ "ದ್ಯಾಟ್ ಆಫ್". ವಸ್ತು ಬಹುವಚನವಾಗಿದ್ದರೆ "ಅವು" ಬರುತ್ತದೆ, ಅದು "ದೋಸ್ ಆಫ್". "ಈ ಊರಿನ ರಸ್ತೆಗಳು ಆ ಊರಿನವುಗಳಿಗಿಂತ ಅಗಲ" ಎಂದರೆ "ದ್ಯಾನ್ ದೋಸ್ ಆಫ್". ಇಲ್ಲಿ ಹೋಲಿಕೆಯೂ ವಚನದ ಹೊಂದಾಣಿಕೆಯೂ ಒಂದೇ ಪದದಲ್ಲಿ ಸಂಧಿಸುವುದರಿಂದ, ಪ್ರಶ್ನೆ ತಯಾರಿಸುವವರಿಗೆ ಈ ಜಾಗ ಬಹಳ ಪ್ರಿಯ. "ರೋಡ್ಸ್" ಎಂದು ಆರಂಭಿಸಿ "ದ್ಯಾಟ್ ಆಫ್" ಎಂದು ಮುಗಿಸಿದ ವಾಕ್ಯ ನೋಡಿದಾಗ, ಹೋಲಿಕೆ ಸರಿಯಾಗಿದೆ ಎಂದು ನೆಮ್ಮದಿಗೊಂಡು ಮುಂದೆ ಹೋಗಿಬಿಡುತ್ತೇವೆ.

"ಎಲ್ಲರಿಗಿಂತ" ಎಂಬ ಪದದಲ್ಲೂ ಒಂದು ಬಲೆ ಇದೆ. "ರಾಮ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ" ಎನ್ನುವಾಗ ಆ "ಎಲ್ಲರಲ್ಲಿ" ರಾಮನೂ ಇದ್ದಾನೆಯೇ ಎಂದು ಕನ್ನಡ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ: ರಾಮನೂ ಆ ತರಗತಿಯವನೇ ಆದ್ದರಿಂದ ಅವನು ತನಗಿಂತ ತಾನೇ ಎತ್ತರವಾಗಿರಲು ಸಾಧ್ಯವಿಲ್ಲ. ಹಾಗಾಗಿ "ಟಾಲರ್ ದ್ಯಾನ್ ಎನಿ ಅದರ್ ಬಾಯ್ ಇನ್ ದಿ ಕ್ಲಾಸ್". "ಉಳಿದ" ಎಂಬ ಪದವನ್ನು ಕನ್ನಡದಲ್ಲಿ ಸೇರಿಸಿ ನೋಡಿ: "ಉಳಿದ ಎಲ್ಲರಿಗಿಂತ." ಆ "ಉಳಿದ" ಎಂಬುದು ಹೊಂದಿದರೆ "ಅದರ್" ಬೇಕು, ಹೊಂದದಿದ್ದರೆ ಬೇಡ. "ಟೋಕಿಯೋ ಭಾರತದ ಯಾವುದೇ ನಗರಕ್ಕಿಂತ ದೊಡ್ಡದು" ಎಂಬಲ್ಲಿ "ಉಳಿದ ಯಾವುದೇ" ಎಂದು ಹೇಳಿದರೆ ಟೋಕಿಯೋ ಭಾರತಕ್ಕೆ ಬಂದುಬಿಡುತ್ತದೆ. ಆದ್ದರಿಂದ ಅಲ್ಲಿ "ಎನಿ ಸಿಟಿ ಇನ್ ಇಂಡಿಯಾ" ಎಂಬುದೇ ಸರಿ, "ಅದರ್" ಸೇರಿಸಿದರೆ ತಪ್ಪು.

ಇನ್ನು "-ಇಂತ" ಎಂಬುದನ್ನೆಲ್ಲ "ದ್ಯಾನ್" ಎಂದು ತಿಳಿದುಕೊಳ್ಳುವ ಅಭ್ಯಾಸ. "ಅವರು ನನಗಿಂತ ಮೂರು ವರ್ಷ ಸೀನಿಯರ್", "ನನಗೆ ಟೀಗಿಂತ ಕಾಫಿ ಇಷ್ಟ", "ಇದು ಅದಕ್ಕಿಂತ ಬೇರೆ" ಎಂಬ ಮೂರರಲ್ಲೂ ಕನ್ನಡಕ್ಕೆ ಒಂದೇ ಪ್ರತ್ಯಯ ಸಾಕು, ಇಂಗ್ಲಿಷಿನಲ್ಲಿ ಒಂದಕ್ಕೂ "ದ್ಯಾನ್" ಸಲ್ಲುವುದಿಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಯರ್ ಇವು ಲ್ಯಾಟಿನ್ನಿನಿಂದ ಬಂದ ಪದಗಳು. "ಹೆಚ್ಚು" ಎಂಬ ಅರ್ಥ ಅವುಗಳ ಹೊಟ್ಟೆಯಲ್ಲೇ ಇದೆ. ಆದ್ದರಿಂದ ಅವುಗಳಿಗೆ "ಮೋರ್" ಬೇಡ, "ದ್ಯಾನ್" ಬೇಡ, "ಟು" ಬೇಕು. ಪ್ರಿಫರ್, ಪ್ರಿಫರಬಲ್ ಎಂಬುವಕ್ಕೂ "ಟು": "ಐ ಪ್ರಿಫರ್ ಕಾಫಿ ಟು ಟೀ". ನೆನಪಿಟ್ಟುಕೊಳ್ಳಲು ನಾನೊಂದು ದಾರಿ ಹೇಳಿಕೊಡುತ್ತೇನೆ. "ನನಗಿಂತ" ಎಂಬುದರ ಒಳಗೆ "ನನಗೆ" ಎಂಬ ಚತುರ್ಥಿ ವಿಭಕ್ತಿ ಅಡಗಿದೆ; "ನನಗೆ" ಎಂದರೆ "ಟು ಮಿ". ಲ್ಯಾಟಿನ್ ಬಳಗದ ಪದ ಕಂಡಾಗಲೆಲ್ಲ "ಇಂತ" ಎಂಬ ಬಾಲವನ್ನು ಕತ್ತರಿಸಿ "ನನಗೆ" ಎಂಬುದನ್ನು ಮಾತ್ರ ಕೇಳಿಸಿಕೊಳ್ಳಿ. "ಡಿಫರೆಂಟ್" ಎಂಬುದಕ್ಕೆ "ಫ್ರಮ್".

ಜೋಡಿಯಾಗಿ ಬರುವ ಪದಗಳಲ್ಲಿ ಒಂದು ಕಂಡರೆ ಇನ್ನೊಂದನ್ನು ಹುಡುಕಬೇಕು. "ಆಸ್" ಬಂದರೆ ಮತ್ತೊಂದು "ಆಸ್", "ನೋ ಸೂನರ್" ಬಂದರೆ "ದ್ಯಾನ್", "ಹಾರ್ಡ್ಲಿ" ಅಥವಾ "ಸ್ಕೇರ್ಸ್ಲಿ" ಬಂದರೆ "ವೆನ್". ಕೊನೆಯ ಎರಡನ್ನು ಅದಲುಬದಲು ಮಾಡುವುದು ಎಸ್‌ಎಸ್‌ಸಿ ಶೈಲಿಯ ಪ್ರಶ್ನೆಗಳ ಹಳೆಯ ಚಾಳಿ. ಮೂರಕ್ಕೂ ಕನ್ನಡದಲ್ಲಿ "ಬಂದನೋ ಇಲ್ಲವೋ ಅಷ್ಟರಲ್ಲಿ" ಎಂಬ ಒಂದೇ ನುಡಿಗಟ್ಟು ಇರುವುದರಿಂದ ಇಲ್ಲಿ ಅನುವಾದ ನೆರವಾಗುವುದಿಲ್ಲ. "ಸೂನರ್" ಎಂಬುದು "-ಅರ್" ಎಂದು ಮುಗಿಯುವ ಹೋಲಿಕೆಯ ಪದ, ಹೋಲಿಕೆಗೆ "ದ್ಯಾನ್" ಎಂದು ನೆನಪಿಟ್ಟುಕೊಳ್ಳಿ. ಇನ್ನೊಂದು ಕಡೆ, "ದಿಸ್ ಬುಕ್ ಈಸ್ ಆಸ್ ಗುಡ್, ಇಫ್ ನಾಟ್ ಬೆಟರ್ ದ್ಯಾನ್, ದ್ಯಾಟ್ ಒನ್" ಎಂಬ ವಾಕ್ಯ ಕಿವಿಗೆ ಇಂಪಾಗಿದೆ, ಆದರೆ ಎರಡನೆಯ "ಆಸ್" ಕಾಣೆಯಾಗಿದೆ. ಅಲ್ಪವಿರಾಮಗಳ ನಡುವಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿದರೆ "ಆಸ್ ಗುಡ್ ದ್ಯಾಟ್ ಒನ್" ಎಂದು ಕುಂಟುವುದು ಗೊತ್ತಾಗುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ "ಕಡಿಮೆ" ಎಂಬ ಒಂದೇ ಪದಕ್ಕೆ ಅಲ್ಲಿ ಎರಡು: ಎಣಿಸುವುದಕ್ಕೆ "ಫ್ಯೂವರ್", ಅಳೆಯುವುದಕ್ಕೆ "ಲೆಸ್". ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ "ದಿ ಬೆಟರ್ ಆಫ್ ದಿ ಟು", ಮೂವರಿಂದ ಮೇಲೆ "ದಿ ಬೆಸ್ಟ್". "ಒನ್ ಆಫ್ ದಿ ಬೆಸ್ಟ್" ಬಂದರೆ ಮುಂದಿನ ನಾಮಪದ ಬಹುವಚನದಲ್ಲೇ ಇರಬೇಕು. "ಎಲ್ಡರ್" ಎಂಬುದಕ್ಕೆ "ದ್ಯಾನ್" ಸೇರುವುದಿಲ್ಲ, "ಓಲ್ಡರ್" ಎಂಬುದಕ್ಕೆ ಸೇರುತ್ತದೆ. "ಎಷ್ಟು... ಅಷ್ಟು" ಎಂಬುದಕ್ಕೆ ಎರಡೂ ಕಡೆ "ದಿ" ಬೇಕು: "ದಿ ಮೋರ್ ಯು ರೀಡ್, ದಿ ಮೋರ್ ಯು ಲರ್ನ್". "ಟಾಲರ್ ದ್ಯಾನ್ ಮಿ" ಎಂದು ಇಂಗ್ಲಿಷರೇ ದಿನವೂ ಆಡುತ್ತಾರೆ, ಆದರೆ ನಮ್ಮ ಪರೀಕ್ಷೆಗಳ ಉತ್ತರಪಟ್ಟಿಗೆ "ದ್ಯಾನ್ ಐ" ಎಂಬುದೇ ಇಷ್ಟ. ಅಲ್ಲಿ ವಾದ ಮಾಡಿ ಅಂಕ ಕಳೆದುಕೊಳ್ಳಬೇಡಿ.

ಐದನೆಯ ಹೆಜ್ಜೆ: ಒಂದು ವಾಕ್ಯವನ್ನು ಪೂರ್ತಿ ಬಿಡಿಸಿ ನೋಡಿ

"ದಿ ಸ್ಯಾಲರೀಸ್ ಆಫ್ ದಿ ಕ್ಲರ್ಕ್ಸ್ ಇನ್ ದಿಸ್ ಆಫೀಸ್, ಅಲಾಂಗ್ ವಿತ್ ದಿ ಡೈಲಿ ಅಲೋಯನ್ಸ್, ಈಸ್ ಹೈಯರ್ ದ್ಯಾನ್ ದ್ಯಾಟ್ ಆಫ್ ದಿ ಕ್ಲರ್ಕ್ಸ್ ಇನ್ ಎನಿ ಆಫೀಸ್ ಇನ್ ದಿ ಡಿಸ್ಟ್ರಿಕ್ಟ್." ನಿಜವಾದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯಕ್ಕೆ ಒಂದೇ ದೋಷ, ಇದು ಅಭ್ಯಾಸಕ್ಕಾಗಿ ನಾನೇ ಮೂರು ದೋಷಗಳನ್ನು ತುಂಬಿ ಕಟ್ಟಿದ ವಾಕ್ಯ.

ಕ್ರಿಯಾಪದ "ಈಸ್", ವಚನ ತೋರಿಸುವಂಥದ್ದು. ಅದಕ್ಕೆ ಮೊದಲಿನ ಭಾಗವನ್ನು ತಿರುಗಿಸಿ: ದಿನಭತ್ಯೆಯ ಜೊತೆಗೆ, ಈ ಕಚೇರಿಯ ಗುಮಾಸ್ತರ ಸಂಬಳಗಳು. ದಿನಭತ್ಯೆ "ಜೊತೆ"ಗೆ ಹೋಯಿತು, ಕಚೇರಿ ಮತ್ತು ಗುಮಾಸ್ತರು ವಿವರಣೆಯಾದರು, ಕೊನೆಯಲ್ಲಿ ನಿಂತದ್ದು ಸಂಬಳಗಳು. ಆದ್ದರಿಂದ "ಆರ್". ಮುಂದೆ ಹೋಲಿಕೆ: ಸಂಬಳಗಳನ್ನು ಯಾವುದರ ಜೊತೆ ತೂಗಲಾಗಿದೆ? ಗುಮಾಸ್ತರ "ಅದಕ್ಕಿಂತ" ಎಂದಿದೆ, "ಅವುಗಳಿಗಿಂತ" ಎಂದಿರಬೇಕಿತ್ತು. ಆದ್ದರಿಂದ "ದೋಸ್ ಆಫ್". ಕೊನೆಯಲ್ಲಿ, ಈ ಕಚೇರಿಯೂ ಅದೇ ಜಿಲ್ಲೆಯಲ್ಲಿದೆ ಎಂಬುದು ವಾಕ್ಯದ ಆಶಯವಾದ್ದರಿಂದ "ಉಳಿದ ಯಾವುದೇ ಕಚೇರಿ" ಎಂಬುದು ಹೊಂದುತ್ತದೆ. "ಎನಿ ಅದರ್ ಆಫೀಸ್". ಬರೆಯುವಾಗ ಇಷ್ಟು ಉದ್ದವಾದರೂ, ಹದಿನೈದು ದಿನ ಬಿಡದೆ ಅಭ್ಯಾಸ ಮಾಡಿದವರು ಇದನ್ನು ಓದುವ ವೇಗದಲ್ಲೇ ಮಾಡಿ ಮುಗಿಸುತ್ತಾರೆ.

ವಿದೇಶದ ಪರೀಕ್ಷೆಗಳಿಗೆ ತಯಾರಾಗುವವರಿಗೆ ಎರಡು ಮಾತು

ಜಿಮ್ಯಾಟ್ (ವಿದೇಶದ ಎಂಬಿಎ ಪ್ರವೇಶದ) ಪರೀಕ್ಷೆಯ ಹಳೆಯ ಪುಸ್ತಕಗಳಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳು ರಾಶಿ ರಾಶಿ ಇರುತ್ತವೆ. 2023ರ ನವೆಂಬರಿನಲ್ಲಿ ಬಂದ ಹೊಸ ರೂಪದಲ್ಲಿ ಆ ಭಾಗವನ್ನು ಕೈಬಿಡಲಾಗಿದೆ, 2024ರ ಜನವರಿಗೆ ಹಳೆಯ ರೂಪ ಮುಗಿಯಿತು. ಆದ್ದರಿಂದ ಜಿಮ್ಯಾಟ್‌ಗಾಗಿ ಅವುಗಳನ್ನು ಓದಬೇಕಿಲ್ಲ. ಆದರೆ ಹೋಲಿಕೆಯ ದೋಷಗಳನ್ನು ಅಷ್ಟು ನಯವಾಗಿ ಹೆಣೆದ ಪ್ರಶ್ನೆಗಳು ಬೇರೆಡೆ ಸಿಗುವುದು ಕಷ್ಟವಾದ್ದರಿಂದ, ರದ್ದಿ ಅಂಗಡಿಯಲ್ಲಿ ಅಂಥ ಪುಸ್ತಕ ಸಿಕ್ಕರೆ ಬ್ಯಾಂಕ್ ಪರೀಕ್ಷೆಯ ಅಭ್ಯರ್ಥಿಗಳು ಬಿಡಬೇಡಿ. ಸ್ಯಾಟ್ (ಅಮೆರಿಕದ ಪದವಿ ಕಾಲೇಜುಗಳ ಪ್ರವೇಶದ) ಪರೀಕ್ಷೆಯ ಓದು–ಬರಹ ವಿಭಾಗದಲ್ಲಿ 64 ನಿಮಿಷಗಳಿಗೆ 54 ಪ್ರಶ್ನೆಗಳಿದ್ದು, ವ್ಯಾಕರಣದ ಪ್ರಶ್ನೆಗಳಲ್ಲಿ ಕರ್ತೃ–ಕ್ರಿಯಾಪದ ಹೊಂದಾಣಿಕೆಗೆ ಈಗಲೂ ಜಾಗವಿದೆ. ಅಲ್ಲಿ ಖಾಲಿ ಜಾಗಕ್ಕೆ ನಾಲ್ಕು ಕ್ರಿಯಾರೂಪಗಳನ್ನು ಕೊಡುತ್ತಾರೆ. ಮೂರು ಒಂದೇ ವಚನದವಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ, ಪ್ರಶ್ನೆ ಕೇಳುತ್ತಿರುವುದು ವಚನವನ್ನೇ ಎಂದು ಶಂಕಿಸಿ, ವಾಕ್ಯದ ಮೊದಲ ಭಾಗವನ್ನು ಕನ್ನಡಕ್ಕೆ ತಿರುಗಿಸಿ ಖಚಿತಪಡಿಸಿಕೊಳ್ಳಿ. ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು.

ಎಸ್‌ಎಸ್‌ಸಿ ಮತ್ತು ಬ್ಯಾಂಕ್ ಪರೀಕ್ಷೆಗಳಲ್ಲಿ ಲೆಕ್ಕ ಬೇರೆ. ಹೊಂದಾಣಿಕೆ ಮತ್ತು ಹೋಲಿಕೆ ಎರಡನ್ನೂ ನೋಡಿ ದೋಷ ಸಿಗದಿದ್ದರೆ "ದೋಷವಿಲ್ಲ" ಎಂಬುದನ್ನು ಆರಿಸಲು ಹೆದರಬೇಡಿ. ಅದೂ ಒಂದು ಉತ್ತರವೇ. ಅಭ್ಯಾಸದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವನ್ನು ನಡುವೆ ಮಡಚಿ, ಎಡಗಡೆ ನೀವು ತಪ್ಪಿದ ಇಂಗ್ಲಿಷ್ ವಾಕ್ಯವನ್ನು, ಬಲಗಡೆ ಅದರ ಕನ್ನಡ ರೂಪವನ್ನು ಬರೆದು, ಕೊನೆಯಲ್ಲಿ ನಿಂತ ನಾಮಪದಕ್ಕೆ ಗೆರೆ ಎಳೆಯಿರಿ. ಕನ್ನಡ ರೂಪದಿಂದ ಉತ್ತರ ಹೊರಡದ ವಾಕ್ಯಗಳಿಗೆ ಅಂಚಿನಲ್ಲಿ ಕೆಂಪು ಶಾಯಿಯ ಗುರುತು ಹಾಕಿ. ಪರೀಕ್ಷೆಯ ಹಿಂದಿನ ರಾತ್ರಿ ಆ ಕೆಂಪು ಗುರುತಿನವುಗಳನ್ನು ಮಾತ್ರ ಓದಿಕೊಂಡರೆ ಸಾಕು.